ತೊಟ್ಟಿಲು ಯಾರ ಕಡೆಗೆ

ಆನೆಗಳು, ತೊಟ್ಟಿಲಿನ ಬಟ್ಟೆಯ ಗೋಡೆಯ ಸುತ್ತ ಸಾಲಾಗಿ ಆನೆಗಳು, ಒಂದರ ಬಾಲವನ್ನು ಇನ್ನೊಂದು ಸೊಂಡಿಲಲ್ಲಿ ಹಿಡಿದು ಹೊರಟಿವೆ, ಹೊಲಿಗೆ ಬಂದ ಕಡೆ ಮಾತ್ರ ಒಂದು ಆನೆ ಅರ್ಧಕ್ಕೇ ಮುಗಿದಿದೆ, ಮುಖ ಇದೆ ಬೆನ್ನಿಲ್ಲ, ಹೊಲಿದವರು ನೋಡಲಿಲ್ಲವೋ, ನೋಡಿಯೂ ಯಾರು ಗಮನಿಸುತ್ತಾರೆ ಬಿಡು ಅಂದುಕೊಂಡರೋ, ಗಮನಿಸುವುದಕ್ಕೆ ಇವಳೊಬ್ಬಳಿದ್ದಾಳಲ್ಲ, ಹೊಲಿಗೆ ಎಂದರೆ ಈಗ ಅವಳಿಗೆ ತನ್ನ ಹೊಟ್ಟೆಯದೇ ನೆನಪು, ನಿಂತರೆ ಎಳೆಯುತ್ತದೆ, ಕೂತರೆ ಚುಚ್ಚುತ್ತದೆ, ಸೀನು ಬಂದರಂತೂ ದೇವರೇ ಗತಿ — ಇದು ನೋಡಿ ಮೇಡಂ, ಈ ಕಡೆ ಗೋಡೆ ಪೂರ್ತಿ ಕೆಳಗಿಳಿಯುತ್ತೆ, ಮಂಚಕ್ಕೆ ತಾಗಿಸಿ ನಿಲ್ಲಿಸಿದ್ರೆ ಮಗು ನಿಮ್ಮ ಪಕ್ಕದಲ್ಲೇ ಮಲಗಿದ ಹಾಗೆ, ಆದ್ರೆ ಅದರ ಹಾಸಿಗೆ ಅದಕ್ಕೇ, ಎನ್ನುತ್ತ ಅಂಗಡಿಯವಳು ಜಿಪ್ ಎಳೆದಳು, ಸರ್ರನೆ ಒಂದು ಕಡೆಯ ಆನೆಗಳೆಲ್ಲ ಮಡಚಿಕೊಂಡು ಬಿದ್ದವು. ನಿಮ್ಮ ಪಕ್ಕದಲ್ಲೇ ಅಂತೆ, ಯಾರ ಪಕ್ಕ ಅಂತ ಕೇಳಬೇಕಿತ್ತು, ನಿಮ್ಮ ಅಂದರೆ ನನ್ನದೋ, ಅಥವಾ ಅಲ್ಲಿ ನಿಂತಿದ್ದಾನಲ್ಲ ಮಹಾರಾಯ, ನನ್ನ ಗಂಡ, ಅವನದೋ, ಮಗುವನ್ನು ಎದೆಗೆ ಒರಗಿಸಿಕೊಂಡು, ಒಂದೇ ಕೈಯಲ್ಲಿ, ಹುಟ್ಟಿದಾಗಿನಿಂದ ಅದೇ ಕೆಲಸ ಮಾಡಿಕೊಂಡು ಬಂದವನ ಹಾಗೆ, ಇನ್ನೊಂದು ಕೈಯಲ್ಲಿ ತೊಟ್ಟಿಲಿನ ಕಾಲು ಅಲ್ಲಾಡಿಸಿ ನೋಡುತ್ತಿದ್ದಾನೆ, ಮತ್ತೆ ಆ ಮುಷ್ಟಿ, ಮಗುವಿನ ಬಲಗೈ ಮುಷ್ಟಿ, ಅವನ ಅಂಗಿಯ ಎರಡನೆಯ ಗುಂಡಿಯ ಕೆಳಗೆ ಬಟ್ಟೆಯನ್ನು ಹಿಡಿದುಕೊಂಡಿದೆ, ನಿಂಬೆಹಣ್ಣಿನಷ್ಟೂ ಇಲ್ಲ, ಗೆಣ್ಣುಗಳು ಬೆಳ್ಳಗಾಗುವಷ್ಟು ಬಿಗಿ. ನೋಡಬಾರದು, ಆನೆ ನೋಡೋಣ. ಆನೆ ಚೆನ್ನಾಗಿಲ್ಲ, ಬೇರೆ ತೋರಿಸಿ ಎಂದಳು.

ಹೊಟ್ಟೆಕಿಚ್ಚು, ಹೌದು, ಅದೇ, ಬೇರೆ ಹೆಸರಿಟ್ಟು ಕರೆದರೆ ಆರುತ್ತದೆಯೇ, ಕಟ್ಟಿಕೊಂಡ ಗಂಡನ ಮೇಲೆ, ಹೆತ್ತ ಮಗುವಿನ ವಿಷಯಕ್ಕೆ, ಹೊರಗೆ ಹೇಳಿದರೆ ಜನ ನಗುತ್ತಾರೆ, ಬೇರೆ ಹೆಂಗಸರಿಗೆ ಗಂಡ ಮಗುವನ್ನು ಮುಟ್ಟುವುದಿಲ್ಲ ಎಂಬ ಗೋಳು, ಇವಳಿಗೆ ಮುಟ್ಟುತ್ತಾನಲ್ಲ ಎಂಬ ಗೋಳು. ಅವನ ಕೈ ಬೆಚ್ಚಗೆ, ಅಷ್ಟೇ ಅವನ ದೊಡ್ಡಸ್ತಿಕೆ, ಬೇಕರಿಯವನ ಕೈ, ಬೆಳಕು ಹರಿಯುವ ಮೊದಲೇ ಹಿಟ್ಟು ನಾದಿ ಒಲೆಯ ಬಾಯಿಗೆ ನಿಲ್ಲುವ ಕೈ, ರಜೆ ಹಾಕಿ ಮನೆಯಲ್ಲಿ ಕೂತರೂ ಆ ಬಿಸಿ ಇಳಿದಿಲ್ಲ, ಎಷ್ಟು ಸ್ನಾನ ಮಾಡಿದರೂ ಕತ್ತಿನ ಹತ್ತಿರ ಬ್ರೆಡ್ಡಿನ ವಾಸನೆ, ಯಾವ ಮಗುವಿಗೆ ಬೇಡ ಹೇಳಿ. ಇವಳದು ಹೂವಿನ ಮಳಿಗೆಯ ತಣ್ಣನೆಯ ಕೋಣೆ, ಸ್ವೆಟರ್ ಹಾಕಿಕೊಂಡು ಬಕೆಟ್ಟುಗಳ ನಡುವೆ ಕೂತು ಕಾಂಡ ಕತ್ತರಿಸು, ಎಲೆ ಸವರು, ಗುಚ್ಛ ಕಟ್ಟು, ನೀರಿಗಿಡು, ಇಷ್ಟು ವರ್ಷ ಆ ನೀರಿನಲ್ಲಿ ನೆಂದ ಬೆರಳುಗಳು ಮನೆಯಲ್ಲಿ ಕೂತರೂ ಬಿಸಿ ಏರುವುದಿಲ್ಲ, ಮದುವೆಯಾದ ಹೊಸದರಲ್ಲಿ ಅವನು ಈ ಕೈಗಳನ್ನು ತನ್ನ ಕಂಕುಳಲ್ಲಿ ಇಟ್ಟುಕೊಂಡು, ಐಸ್ ಕ್ರೀಮ್ ಮಾರೋಕೆ ಹೋಗಿದ್ಯೇನೇ ಅನ್ನುತ್ತಿದ್ದ, ಆ ಕಂಕುಳು ಆಗ ಇವಳದು, ಈಗ ಅಲ್ಲಿಗೂ ಬೇರೆಯವರು ಬಂದು ಮಲಗಿದ್ದಾರೆ — ಅಯ್ಯೋ, ಹಾಗಾದರೆ ಕಿಚ್ಚು ಯಾರ ಮೇಲೆ, ಅವನ ಮೇಲೋ, ಈ ಪುಟಾಣಿಯ ಮೇಲೋ, ಇಬ್ಬರ ಮೇಲೂ, ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತಿರುವ ಇಬ್ಬರ ಮೇಲೂ. ಆಸ್ಪತ್ರೆಯಲ್ಲಿ ಸೊಂಟದ ಕೆಳಗೆ ಮರಗಟ್ಟಿ ಮಲಗಿದ್ದಾಗ ಮಗುವನ್ನು ಮೊದಲು ಎತ್ತಿಕೊಂಡವನು ಅವನು, ಇವಳಿಗೆ ದೂರದಿಂದ ಮುಖ ತೋರಿಸಿದರು, ಅಂಗಡಿಯಲ್ಲಿ ಸೀರೆ ತೋರಿಸಿದ ಹಾಗೆ, ಆಮೇಲೆ ಇವಳು ಮುಟ್ಟಿದಾಗ ಮಗು ಬೆಚ್ಚಿಬಿದ್ದು ಎರಡೂ ಕೈ ಮೇಲಕ್ಕೆತ್ತಿ ಅತ್ತಿತು, ತಣ್ಣಗಿದೆ ಅಲ್ವಾ ಅಮ್ಮನ ಕೈ ಅಂದ ಅವನು, ಪ್ರೀತಿಯಿಂದಲೇ ಅಂದ, ಅದೇ ಸಿಟ್ಟು. ನಾದಿನಿ ನೋಡಲು ಬಂದವಳು, ಅತ್ತಿಗೆ, ನಿಮ್ಮ ಮಗಳು ಪೂರ್ತಿ ಅಪ್ಪನ ಪಾರ್ಟಿ ಬಿಡಿ ಅಂದಳು, ಎಲ್ಲರೂ ನಕ್ಕರು, ಇವಳೂ ನಕ್ಕಳು, ನಕ್ಕಿದ್ದಕ್ಕೆ ಹೊಲಿಗೆ ಎಳೆಯಿತು. ಹಾಲಿಗೆ ನಾನು, ನಿದ್ದೆಗೆ ಅವನು, ಹೊಟ್ಟೆ ತುಂಬಿದ ಕೂಡಲೇ ಕತ್ತು ತಿರುಗಿಸಿ ಅವನ ದನಿ ಬಂದ ಕಡೆ ನೋಡುತ್ತದೆ, ಊಟ ಮುಗಿಸಿ ಕೈ ತೊಳೆದು ಹೊರಟ ಗಿರಾಕಿಯ ಹಾಗೆ.

ಇದು ಮರದ್ದು ಮೇಡಂ, ಕಾಲುಗಳು ಮೇಲೆ ಕೆಳಗೆ ಆಗುತ್ತೆ, ನಿಮ್ಮ ಹಾಸಿಗೆ ಎಷ್ಟು ಎತ್ತರ ಅಂತ ಹೇಳಿದ್ರೆ ಸರಿ ಮಟ್ಟಕ್ಕೆ ನಿಲ್ಲಿಸಿ ತೋರಿಸ್ತೀನಿ, ಆಮೇಲೆ ಅಲ್ಲಿಗೇ ಬಿಗಿದುಬಿಡ್ತೀವಿ, ಮನೇಲಿ ಬದಲಾಯಿಸೋಕಾಗಲ್ಲ, ಎಂದಳು ಅಂಗಡಿಯವಳು. ಎತ್ತರವೇ, ಅದೇ ತಾನೇ ರಾತ್ರಿಯಿಡೀ ಇವಳನ್ನು ಕೊರೆದದ್ದು, ಇವರ ಮನೆಯ ಮಂಚ ಒಂದಲ್ಲ, ಎರಡು ಒಂಟಿ ಮಂಚ ಜೋಡಿಸಿದ್ದು, ಅವನು ಕತ್ತಲಲ್ಲೇ ಎದ್ದು ಹೋಗುವಾಗ ಇವಳ ನಿದ್ದೆ ಕೆಡಬಾರದು ಎಂದು ಅವನೇ ಮಾಡಿದ ಏರ್ಪಾಡು, ಅವನ ಬೆನ್ನುನೋವಿಗೆ ತೆಳ್ಳನೆಯ ಗಟ್ಟಿ ಹಾಸಿಗೆ, ಇವಳದು ದಪ್ಪ ಮೆತ್ತನೆಯದು, ನಡುವೆ ಒಂದು ಮೆಟ್ಟಿಲಿನ ಹಾಗೆ ಏರು, ತೊಟ್ಟಿಲನ್ನು ಯಾವ ಕಡೆಗೆ ಹೊಂದಿಸುತ್ತೀರೋ ಆ ಕಡೆಗೇ ಸರಿ. ಮೊನ್ನೆ ಅವನು ಅಂದಿದ್ದ, ನನ್ನ ಕಡೆ ಇರ್ಲಿ ಕಣೆ, ಹೊಲಿಗೆ ಹಾಕಿರೋವಾಗ ನೀನು ಪದೇ ಪದೇ ಯಾಕೆ ಏಳ್ಬೇಕು, ನಾನೇ ಎತ್ತಿ ನಿನಗೆ ಕೊಡ್ತೀನಿ, ಕುಡಿಸಿ ವಾಪಸ್ ಕೊಡು — ವಾಪಸ್ ಕೊಡು, ಕೈಗಡ ಕೊಟ್ಟ ಪಾತ್ರೆಯೇ ಅದು — ಇವಳು ಹೂಂ ಅಂದಿದ್ದಳು, ಬೇಡ ಅನ್ನುವುದಕ್ಕೆ ಯಾವ ಕಾರಣ ಹೇಳಬೇಕಿತ್ತು, ಒಳ್ಳೆಯತನಕ್ಕೆ ಎದುರು ಮಾತಾಡಲು ಕಾರಣವೇ ಸಿಗುವುದಿಲ್ಲ, ಕೆಟ್ಟ ಗಂಡನಾಗಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಬೆಳಿಗ್ಗೆ ಇವಳು ಸ್ನಾನದ ಮನೆಯಿಂದ ಬರುವಾಗ ಅವನು ಮಂಚದ ಹತ್ತಿರ ಮಂಡಿಯೂರಿ ಇದ್ದವನು ಏಳುತ್ತಿದ್ದ, ಕೈಯಲ್ಲಿ ದಾರ, ಕೇಕ್ ಡಬ್ಬ ಕಟ್ಟುವ ಬಿಳಿ ದಾರ, ಅವನಿಗೆ ಟೇಪು ಗೀಪು ಒಗ್ಗುವುದಿಲ್ಲ, ಟೇಪಿನೊಳಗೆ ಹಿಟ್ಟು ಸೇರಿ ಕಚ್ಚಿಕೊಳ್ಳುತ್ತದಂತೆ, ಟ್ರೇ ಎಷ್ಟುದ್ದ, ಒಲೆ ಬಾಗಿಲು ಎಷ್ಟಗಲ, ಎಲ್ಲ ದಾರದ ಮೇಲೆ ಗಂಟು, ನೆಲದ ತುದಿಗೆ ಒಂದು ಮಣಿ, ಅಳತೆ ಬಂದಲ್ಲಿ ಒಂದು ಗಂಟು, ಜೇಬಿಗೆ ಹಾಕಿಕೊಂಡರೆ ಮುಗಿಯಿತು, ಕೇಳಿದರೆ ಅಂಕಿ ಒಂದೂ ಹೇಳಲಾರ. ಇವತ್ತಿನ ದಾರದಲ್ಲಿ ಎರಡು ಗಂಟು, ಒಂದು ಕೆಳಗೆ ಒಂದು ಮೇಲೆ, ಕೇಳುವುದೇನು, ಕೆಳಗಿನದು ಅವನ ಹಾಸಿಗೆ, ಮೇಲಿನದು ಇವಳದು, ಎರಡನ್ನೂ ಹಿಡಿದು ನೋಡಿ ಕೊನೆಗೆ ತನ್ನ ಕಡೆಗೇ ಅನ್ನುತ್ತಾನೆ, ನಯವಾಗಿ ಅನ್ನುತ್ತಾನೆ, ಮತ್ತೆ ಇವಳು ಹೂಂ ಅನ್ನುತ್ತಾಳೆ.

ಮಗು ಕೊಸರಾಡಿತು, ಬಾಯಿ ಓರೆ ಮಾಡಿ ಅಳುವ ಸಿದ್ಧತೆ, ಇವಳು ಕೈ ಚಾಚುವಷ್ಟರಲ್ಲಿ ಅವನು ಜೇಬಿನಿಂದ ದಾರ ತೆಗೆದು ಆ ಚಾಚಿದ ಕೈಗೇ ಇಟ್ಟ, ಇದು ಹಿಡ್ಕೊಂಡಿರು, ಇವಳನ್ನ ಒಂದು ಸುತ್ತು ಹಾಕಿಸ್ಕೊಂಡು ಬರ್ತೀನಿ, ನೀನು ಕೂತ್ಕೋ ಪಾಪ, ಎಂದು ಹೊರಟೇಬಿಟ್ಟ, ಮಗುವಿಗೆ ಕೈ ಚಾಚಿದರೆ ದಾರ ಸಿಕ್ಕಿತು. ಕುರ್ಚಿಯೊಂದಿದೆ, ತೂಗುವ ಕುರ್ಚಿ, ಮಾರಾಟಕ್ಕಿಟ್ಟದ್ದು, ಕೂತಳು, ಅಂಗಡಿಯವಳು ಇನ್ನೊಂದು ತೊಟ್ಟಿಲು ತರಲು ಒಳಗೆ ಹೋದಳು, ಅವನು ಗೊಂಬೆಗಳ ಸಾಲಿನ ಆ ಕಡೆ ನಡೆಯುತ್ತಿದ್ದಾನೆ, ಹೂಂ ಹೂಂ ಹೂಂ ಎಂದು ಗುನುಗುತ್ತ, ರಾಗವೂ ಇಲ್ಲ ತಾಳವೂ ಇಲ್ಲ, ಆದರೂ ಅಳು ನಿಂತಿತು, ನಿಲ್ಲದೇ ಇರಲಿ ಎಂದು ಒಂದು ಕ್ಷಣ ಅನ್ನಿಸಿತಲ್ಲ, ಥೂ, ಎಂಥ ತಾಯಿ, ನಿಲ್ಲದೇ ಇರಲಿ, ಅಳುತ್ತ ನನ್ನ ಹತ್ತಿರ ಬರಲಿ. ಬೆರಳುಗಳು ಆಗಲೇ ಕೆಳಗಿನ ಗಂಟಿನ ಮೇಲಿದ್ದವು. ಯಾವಾಗ ಹೋದವೋ, ಇವಳು ಹೇಳಿ ಕಳಿಸಲಿಲ್ಲ, ಗಂಟು ಎಂದರೆ ಅವುಗಳಿಗೆ ದಿನದ ಕೆಲಸ, ಒದ್ದೆ ದಾರ, ಬಿಗಿದ ದಾರ, ಇನ್ನೊಬ್ಬಳು ತಪ್ಪು ಕಟ್ಟಿದ ಗುಚ್ಛ, ಎಲ್ಲವನ್ನೂ ನೋಡದೆ ಬಿಚ್ಚುತ್ತವೆ, ಇದು ಬಿಗಿಯಾಗಿತ್ತು, ಬೇಕರಿಯವನ ಗಂಟು, ಉಗುರು ತೂರಿಸಿ, ಹಿಂದಕ್ಕೆ ತಳ್ಳಿ, ಒಂದು ಎಳೆ ಸಡಿಲಿಸಿ, ಮಡಿಲಲ್ಲೇ, ದುಪಟ್ಟಾದ ಅಂಚಿನ ಅಡಿಯಲ್ಲಿ, ಬಿಚ್ಚಿತು. ಬಿಚ್ಚಿದ ಜಾಗದಲ್ಲಿ ಸುಕ್ಕು ನಿಲ್ಲುತ್ತದೆ, ಅದೂ ಗೊತ್ತು, ಹೆಬ್ಬೆರಳು ನಾಲಿಗೆಗೆ ಒತ್ತಿ ಒದ್ದೆ ಮಾಡಿ ದಾರವನ್ನು ಉಜ್ಜಿ ಉರುಳಿಸಿದಳು, ಹಳೆಯ ದಾರವನ್ನು ಮತ್ತೆ ಬಳಸುವಾಗ ಮಾಡುವ ಹಾಗೆ, ಗುರುತೂ ಉಳಿಯಲಿಲ್ಲ. ಈಗ ಒಂದೇ ಗಂಟು, ಇವಳ ಹಾಸಿಗೆಯದು, ತೊಟ್ಟಿಲು ಇವಳ ಕಡೆಗೆ, ರಾತ್ರಿ ಕಣ್ಣು ತೆರೆದರೆ ಮೊದಲು ಕಾಣುವುದು ಇವಳ ಮುಖ, ಕೈ ತಣ್ಣಗಿದ್ದರೆ ಇರಲಿ, ಮಗ್ಗುಲಲ್ಲೇ ಇದ್ದರೆ ಅಭ್ಯಾಸವಾಗುತ್ತದೆ, ಎಷ್ಟು ದಿನ ಬೆಚ್ಚಿಬೀಳುತ್ತದೆ, ಒಂದು ದಿನ ಈ ಬೆರಳನ್ನೂ ಹಿಡಿಯುತ್ತದೆ. ಸಂತೋಷವಾಗುತ್ತಿತ್ತು.

ಅವನು ಬಂದ, ನಿದ್ದೆ ಹೋದಳು ಎಂದು ಪಿಸುಗುಟ್ಟಿದ, ದಾರ ತೆಗೆದುಕೊಂಡು ಮಣಿಯನ್ನು ನೆಲಕ್ಕೆ ಬಿಟ್ಟು, ನೋಡಮ್ಮಾ, ಈ ಗಂಟು ಹಾಸಿಗೆ ಮಟ್ಟ, ಎಂದು ಅಂಗಡಿಯವಳಿಗೆ ತೋರಿಸಿದ, ಅವಳು ಮರದ ತೊಟ್ಟಿಲನ್ನು ಏರಿಸಿ ಇಳಿಸಿ ಆ ಗಂಟಿಗೆ ಸರಿಯಾಗಿ ನಿಲ್ಲಿಸಿದಳು, ಇದು ಮೇಡಂ ಮಲಗೋ ಕಡೆಯದು ತಾನೇ ಎಂದಳು, ಹೌದೌದು, ಅವಳ ಕಡೆಯದೇ, ಎಂದ ಅವನು. ಅವಳ ಕಡೆಯದೇ. ಇಷ್ಟು ಸಲೀಸಾಗಿ. ಇವಳ ಕಡೆ ತಿರುಗಿ, ರಾತ್ರಿ ಯೋಚನೆ ಮಾಡ್ದೆ ಕಣೆ, ರಜೆ ಮುಗಿದ್ಮೇಲೆ ನಾನು ಕತ್ತಲಲ್ಲೇ ಎದ್ದು ಹೋಗೋನು, ನನ್ನ ಕಡೆ ಇಟ್ಟು ಏನು ಉಪಯೋಗ, ಎಚ್ಚರ ಆದಾಗ ನೀನು ಕಾಣ್ಬೇಕು ಅವಳಿಗೆ, ನಿನ್ನ ಮಂಚಾನೇ ಅಳೆದೆ, ಎಂದ, ಎಂದವನು ದಾರವನ್ನು ಬೆರಳ ಸಂದಿನಲ್ಲಿ ಮೇಲಿನಿಂದ ಕೆಳಗೆ ಎಳೆದ, ಮತ್ತೊಮ್ಮೆ ಕೆಳಗಿನಿಂದ ಮೇಲಕ್ಕೆ, ಇನ್ನೊಂದು ಗಂಟಿತ್ತಲ್ಲ, ಮಂಚದ ಅಡಿ ಎಷ್ಟು ಜಾಗ ಇದೆ ಅಂತ ಹಾಕಿದ್ದು, ಎಲ್ಲೋಯ್ತು. ಅದಿಲ್ಲದೆ ಆಗಲ್ಲ ಸಾರ್, ಅಂಗಡಿಯವಳ ದನಿ, ತೊಟ್ಟಿಲಿನ ಪಾದ ಮಂಚದ ಅಡಿಗೆ ಹೋಗಿ ಕೂರ್ಬೇಕು, ಹೋಗದಿದ್ರೆ ಮಧ್ಯೆ ಸಂದು ಬೀಳುತ್ತೆ, ಆ ಸಂದಲ್ಲಿ ಮಗು ಜಾರಿದ್ರೆ ಕಷ್ಟ, ಅಂದಾಜಿಗೆ ಕೊಡೋ ಹಾಗಿಲ್ಲ, ಮಕ್ಕಳ ಸಾಮಾನು ವಾಪಸ್ಸೂ ತಗೊಳ್ಳಲ್ಲ. ಹೋಗುತ್ತೆ ಬಿಡಿ, ಬೇಕಾದಷ್ಟು ಜಾಗ ಇದೆ, ಎನ್ನುವ ಮಾತು ಇವಳ ನಾಲಿಗೆಯ ತುದಿಗೆ ಬಂತು, ಸಂದು ಎಂಬ ಮಾತು ಕೇಳಿ ಅಲ್ಲೇ ನಿಂತಿತು, ಒಂದು ಕೈಯಗಲದ ಕತ್ತಲು, ಅದರೊಳಕ್ಕೆ ಜಾರುವ ಪುಟ್ಟ ತಲೆ, ಇಲ್ಲ, ಅಷ್ಟು ಸುಳ್ಳು ಬೇಡ, ಹಾಗಾದರೆ ನಿಜ ಹೇಳು, ನಾನೇ ಬಿಚ್ಚಿದೆ ರೀ, ನಿಮ್ಮ ಕಡೆಯ ಗಂಟು ಅಂದುಕೊಂಡೆ, ಹೇಳು, ಹೇಳಿಬಿಡು. ಬೇಕರಿಯವನ ಗಂಟು ಬಿಚ್ಚಿಕೊಳ್ಳೋದು ಅಂದ್ರೇನು, ಮಾನ ಹೋಯ್ತು, ಎಂದು ಅವನೇ ನಕ್ಕ, ಸಡಿಲ ಹಾಕಿದ್ದೆ ಅನ್ಸುತ್ತೆ, ನಿದ್ದೆಗಣ್ಣಲ್ಲಿ, ಎಂದ, ತನ್ನ ಮೇಲೇ ಹಾಕಿಕೊಂಡ, ಮನೆಗೆ ಹೋಗಿ ಅಳೆದು ಬರೋಷ್ಟರಲ್ಲಿ ಬಾಗಿಲು ಹಾಕಿರ್ತಾರೆ, ನಾಳೆ ಅಂಗಡಿ ರಜೆಯಂತೆ, ನಾಡಿದ್ದು ಬಂದರಾಯಿತು, ಇನ್ನೆರಡು ದಿನ ಒಲೆ ನೋಡ್ಕೋ ಅಂತ ತಮ್ಮನಿಗೆ ಹೇಳ್ತೀನಿ, ಅಲ್ಲೀವರೆಗೂ ನನ್ನ ಎದೆ ಮೇಲೇ ಮಲಗ್ಲಿ ಬಿಡು, ಅವಳಿಗೂ ಅದೇ ಇಷ್ಟ. ಇವತ್ತು ರಾತ್ರಿ ಇವಳ ಮಗ್ಗುಲಲ್ಲಿ ಇರಬೇಕಾಗಿದ್ದ ಮಗು.

ಮೆಟ್ಟಿಲಿಳಿಯುವ ಮೊದಲು ಅವನು ನಿಂತ, ಮುಖ ಬಾಡಿದೆ, ಒಂದು ಸ್ವಲ್ಪ ಎತ್ಕೊಳ್ತೀಯಾ, ಕೂತ್ಕೊಂಡು ಎತ್ಕೋ, ಎಂದ, ಏನೋ ಗೊತ್ತಾಗಿದೆಯೇ ಇವನಿಗೆ, ಇಲ್ಲ, ಗೊತ್ತಾಗಿದ್ದರೆ ಹೀಗೆ ಕೇಳುತ್ತಿರಲಿಲ್ಲ, ಅಥವಾ ಗೊತ್ತಾಗಿದ್ದಕ್ಕೇ ಕೇಳುತ್ತಿದ್ದಾನೋ, ತೂಗುವ ಕುರ್ಚಿಯಲ್ಲಿ ಮತ್ತೆ ಕೂತಳು, ಅಂಗೈಗಳನ್ನು ತೊಡೆಯ ಕೆಳಗಿಟ್ಟು ಬೆಚ್ಚಗೆ ಮಾಡಿಕೊಂಡಳು, ಸಾಲದು, ಉಸಿರು ಊದಿಕೊಂಡಳು, ಸಾಲದು, ಆದರೂ ಚಾಚಿದಳು. ಅವನು ಬಗ್ಗಿ ಮಗುವನ್ನು ಇಳಿಸಿದ, ತಲೆ ಬಂತು, ಬೆನ್ನು ಬಂತು, ಹಗುರ ಭಾರ ಮೊಣಕೈಗೆ ಬಂತು, ಮುಷ್ಟಿ ಬರಲಿಲ್ಲ, ಅಂಗಿ ಬಿಡಲಿಲ್ಲ, ಎರಡನೆಯ ಗುಂಡಿಯ ಕೆಳಗಿನ ಬಟ್ಟೆ ಗುಡಾರದ ಹಾಗೆ ಎದ್ದು ನಿಂತಿತು, ಅವನು ಬಗ್ಗಿದಲ್ಲೇ ಉಳಿದ, ಬಿಡಿಸೇ, ನಿನಗೆ ಬರುತ್ತಲ್ಲ, ನಿಧಾನಕ್ಕೆ, ಎಂದ, ನಿನಗೆ ಬರುತ್ತಲ್ಲ, ಹಾಗೆಂದರೆ ಏನು, ಬರುತ್ತದೆ, ಹೌದು, ಒದ್ದೆಯದು ಬಿಗಿದದ್ದು ತಪ್ಪು ಕಟ್ಟಿದ್ದು ಎಲ್ಲ ಬರುತ್ತದೆ, ಕಿರುಬೆರಳಿನಿಂದ ಶುರುಮಾಡಿದರೆ ಆಯಿತು, ಇವಳ ಬೆರಳು ಹತ್ತಿರ ಹೋಯಿತು, ತಣ್ಣನೆಯ ಬೆರಳು, ಮುಟ್ಟಿದ ಕೂಡಲೇ ಗೆಣ್ಣುಗಳು ಇನ್ನಷ್ಟು ಬೆಳ್ಳಗಾದವು, ಅಂಗಿ ಇನ್ನಷ್ಟು ಒಳಕ್ಕೆ ಹೋಯಿತು, ಕಣ್ಣು ತೆರೆಯದೆ, ನಿದ್ದೆಯಲ್ಲೇ, ಮುಷ್ಟಿ, ಬಟ್ಟೆ, ಬಟ್ಟೆಯ ಮಡಿಕೆಯೊಳಗೆ ಹೂತ ನಾಲ್ಕು ಉಗುರು, ಆ ಮುಷ್ಟಿ —