ಹಗೇವಿನ ಬಾಯಿ

"ಅಲ್ಲೇ ನಿಂದರ್ರಿ ಅತ್ತಿ, ಸ್ವಲ್ಪ ನಗ್ರಿ," ಎಂದು ಪ್ರತಿಮಾ ಕ್ಯಾಮೆರಾಕ್ಕೆ ಕಣ್ಣು ಹಚ್ಚಿ ಒಂದು ಹೆಜ್ಜೆ ಹಿಂದೆ ಸರಿದಳು.

ಪದ್ಮವ್ವ ನಗಲಿಲ್ಲ. ತವರುಮನೆಯೆಂದರೆ ಈಗ ಮೂರು ಗೋಡೆ. ಹಿನ್ನೀರು ಬರುತ್ತದೆಂದು ಬೀಳಗಿ ತಾಲ್ಲೂಕಿನ ಈ ಊರನ್ನು ಎಬ್ಬಿಸಿದಾಗ ಜನ ಬಾಗಿಲು, ತೊಲೆಗಳನ್ನೆಲ್ಲ ಕಿತ್ತುಕೊಂಡು ಹೋಗಿದ್ದರು. ಉಳಿದದ್ದನ್ನು ನೋಡಲು ಈಗ ಜಮಖಂಡಿ, ಮುಧೋಳದಿಂದ ಬೈಕ್ ಹತ್ತಿ ಬರುತ್ತಾರೆ. ಬಿದ್ದ ಗೋಡೆಗೆ ಒರಗಿ ಫೋಟೊ ತೆಗೆಸಿಕೊಳ್ಳುವುದು ಈಚಿನ ಶೋಕಿ. ಸೊಸೆಗೂ ಅದೇ ಹುಚ್ಚು. ಪದ್ಮವ್ವನಿಗೆ ಬರಲು ಮನಸ್ಸೇ ಇರಲಿಲ್ಲ.

"ಇಡೀ ಮನಿ ಬರವಲ್ದು," ಎನ್ನುತ್ತ ಪ್ರತಿಮಾ ಮತ್ತೂ ಹಿಂದೆ ಸರಿದಳು. ಅವಳ ಹಿಂದೆ ಮೊಣಕಾಲೆತ್ತರ ಕಸ ಬೆಳೆದ ಅಂಗಳ.

ಪದ್ಮವ್ವ ಕೈ ಮುಂದೆ ಚಾಚಿದಳು. "ನಿಂದ್ರು."

"ನಾ ಯಾಕ ನಿಂದರ್ಲಿ? ನಿಂದರೋರು ನೀವು." ಸೊಸೆ ನಕ್ಕಳು. ಕಣ್ಣು ಕ್ಯಾಮೆರಾದಲ್ಲೇ ಇತ್ತು, ಕಾಲು ಹಿಂದಕ್ಕೆ ಎತ್ತಿದ್ದಳು.

"ಕಾಲ ಇಡಬ್ಯಾಡ. ಹಿಂದ ಹಗೇವು ಐತಿ."

ಎತ್ತಿದ ಕಾಲು ಹಾಗೇ ಉಳಿಯಿತು. ಜೋಳ ತುಂಬಿಡಲು ನೆಲದೊಳಗೆ ತೋಡಿದ ಆಳದ ಗುಂಡಿ ಅದು; ಬಾಯಿ ಮಾತ್ರ ಒಬ್ಬರು ಇಳಿಯುವಷ್ಟು. ಮುಚ್ಚಿದ ಕಲ್ಲು ಇನ್ನೂ ಇದೆಯೋ, ಅದನ್ನೂ ಯಾರಾದರೂ ಹೊತ್ತೊಯ್ದರೋ ಪದ್ಮವ್ವನಿಗೆ ತಿಳಿಯದು. ಗುರುತಿಗಿದ್ದ ಬೇವಿನ ಮರವೂ ಇಲ್ಲ.

"ಎಲ್ಲಿ ಐತ್ರಿ?" ಸೊಸೆ ಕ್ಯಾಮೆರಾವನ್ನು ಕೆಳಗಿಳಿಸಿದಳು.

"ನೆಪ್ಪಾಗವಲ್ದು. ಬಂದ ಹೆಜ್ಜಿ ಮ್ಯಾಲೇ ತಿರುಗಿ ಬಾ. ನನ್ನ ನೋಡಬ್ಯಾಡ, ನೆಲಾ ನೋಡು."

ಪ್ರತಿಮಾ ಕಾಲನ್ನು ಮುಂದಕ್ಕಿಟ್ಟಳು. ಹಿಂದೆ ಮಣ್ಣು ಕುಸಿದು ಕಸದ ನಡುವೆ ಕರಿ ಬಾಯಿ ತೆರೆದುಕೊಂಡಿತು. ಉದುರಿದ ಹೆಂಟೆ ತಳ ಮುಟ್ಟಿದ ಸಪ್ಪಳ ತಡವಾಗಿ ಬಂತು. ಅವಳು ಒಂದೊಂದೇ ಹೆಜ್ಜೆ ನೋಡಿ ನೋಡಿ ಬಂದು ಅತ್ತೆಯ ರಟ್ಟೆ ಹಿಡಿದುಕೊಂಡಳು.

"ನಮ್ಮ ಪರಮಾನಂದ ಜ್ವಾಳಾ ತಗ್ಯಾಕ ಇಳದಿದ್ದ," ಎಂದಳು ಪದ್ಮವ್ವ. "ಒಳಗ ಉಸರ ಕಟ್ಟಿತು. ನನಗಿಂತ ಸಣ್ಣಾಂವ."

ಅತ್ತೆಗೆ ತಮ್ಮನೊಬ್ಬ ಇದ್ದನೆಂಬುದೇ ಪ್ರತಿಮಾಗೆ ಇಂದಿನವರೆಗೆ ಗೊತ್ತಿರಲಿಲ್ಲ. ಅವಳು ಕ್ಯಾಮೆರಾವನ್ನು ಚೀಲಕ್ಕೆ ಹಾಕಿದಳು.

"ಹೋಗೂಣ್ರಿ ಅತ್ತಿ."

ಪದ್ಮವ್ವ ಅಲುಗಲಿಲ್ಲ.

"ಹೊರಗ ತಗಿ ಅದನ್ನ. ಅವಂದು ಒಂದೂ ಫೋಟೊ ಇಲ್ಲ."

ಪ್ರತಿಮಾ ಇದ್ದಲ್ಲೇ ಮೊಣಕಾಲೂರಿ ಕುಳಿತು ಹಗೇವಿನ ಬಾಯಿಯತ್ತ ಕ್ಯಾಮೆರಾ ಎತ್ತಿದಳು. ಪದ್ಮವ್ವ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. ಹಗೇವಿನ ಸುತ್ತ ಕಸ ಅಲ್ಲಾಡುತ್ತಿತ್ತು. ಗಾಳಿ ನಿಲ್ಲಲೆಂದು ಇಬ್ಬರೂ ಕಾದರು.