ಸೀನೀರ್ಬಂಡೆಯ ಗಡಗಡೆ

ನಾನು ಒಂದು ಗಡಗಡೆ. ಬಾವಿಯ ಮೇಲೆ ತೂಗುತ್ತ, ಹಗ್ಗ ಹೊತ್ತು, ಕೊಡ ಇಳಿಸಿ ಏರಿಸುವ ಮರದ ಚಕ್ರ. ಈಗ ನನ್ನ ಕೆಳಗೆ ಬಾವಿಯಿಲ್ಲ, ಊಟದ ಮೇಜುಗಳಿವೆ. ಅದು ಹೇಗಾಯಿತು ಎಂದು ಹೇಳಬೇಕಾದರೆ ಹುಟ್ಟಿನಿಂದಲೇ ಹೇಳಬೇಕು.

ಕುಂದಾಪುರದ ಕಡೆಯ ಮರಳದಂಡೆಯಲ್ಲಿ ವಾಸು ಆಚಾರಿ ಎಂಬವನು ಹೆರಿಯ ಮೊಗವೀರನಿಗೆ ದೋಣಿ ಕಟ್ಟುತ್ತಿದ್ದ. ಹೆಬ್ಬಲಸಿನ ಮರ. ಹಲಗೆ ಸೀಳಿ ಉಳಿದ ತುಂಡನ್ನು ಒಲೆಗೆ ಹಾಕದೆ ದುಂಡಗೆ ಕಡೆದು, ಅಂಚಿನಲ್ಲಿ ಹಗ್ಗ ಕೂರುವಷ್ಟು ತೋಡಿ, ನಡುವೆ ಕಬ್ಬಿಣದ ಅಚ್ಚು ತೂರಿಸಿದ. "ದೋಣಿ ಅಣ್ಣ, ಇದ್ ತಂಗಿ. ಒಂದೇ ಮರದ್ ಮಕ್ಳ್" ಎಂದು ನನ್ನನ್ನು ಹೆರಿಯನ ಕೈಗಿಟ್ಟ. ಅಣ್ಣನ ಹೊಟ್ಟೆಯಲ್ಲಿ ಕೂತೇ ನಾನು ಕಡಲು ದಾಟಿದೆ.

ಸೀನೀರ್ಬಂಡೆ ಕಡಲ ನಡುವಿನ ಪುಟ್ಟ ದ್ವೀಪ. ಕಪ್ಪು ಬಂಡೆ, ತೆಂಗು, ಕೇದಗೆ, ಬೆರಳೆಣಿಕೆಯ ಮೊಗವೀರರ ಮನೆಗಳು. ಸುತ್ತ ಎತ್ತ ನೋಡಿದರೂ ಉಪ್ಪುನೀರು. ನಡುವೆ ಒಂದೇ ಒಂದು ಬಾವಿ, ಅದರ ನೀರು ಮಾತ್ರ ಸಿಹಿ. ಮಳೆಗಾಲದಲ್ಲಿ ಇಳಿದ ನೀರು ಮರಳಿನೊಳಗೆ ಉಪ್ಪುನೀರಿನ ಮೇಲೆ ತೆಳ್ಳಗೆ ಕೂತಿರುತ್ತದೆ. ಮೆಲ್ಲಗೆ ತೆಗೆದರೆ ವರ್ಷವಿಡೀ ಸಿಗುತ್ತದೆ, ಬಾಚಿದರೆ ಕೆಳಗಿನ ಕಡಲು ಮೇಲೇಳುತ್ತದೆ. ಇದನ್ನು ಅಲ್ಲಿನವರಿಗೆ ಯಾರೂ ಪಾಠ ಮಾಡಿರಲಿಲ್ಲ. ಹೆಂಗಸರು ಕೊಡಪಾನ ಹಿಡಿದು ಸರದಿಯಲ್ಲಿ ಬರುತ್ತಿದ್ದರು, ನಾಲ್ಕು ಕೊಡ ಸೇದಿ ಕಟ್ಟೆಯ ಮೇಲೆ ಕೂರುತ್ತಿದ್ದರು. "ಬಾವಿಗೂ ಉಸ್ರ್ ತೆಗುಕೆ ಬಿಡಿ" ಎನ್ನುತ್ತಿದ್ದರು. ಆ ಬಿಡುವಿನಲ್ಲಿ ಇಡೀ ದ್ವೀಪದ ಸುದ್ದಿ, ಜಗಳ, ನಗೆ ಎಲ್ಲವೂ ನನ್ನ ಕೆಳಗೇ ನಡೆಯುತ್ತಿತ್ತು.

ನನ್ನ ಮೇಲೆ ಮೊದಲ ಹಗ್ಗ ಎಳೆದವಳು ಹೆರಿಯನ ಹೆಂಡತಿ ಅಕ್ಕಣಿ. ಆಗಷ್ಟೇ ಮದುವೆಯಾಗಿ ಬಂದಿದ್ದಳು. ನಾನು ಕಿರುಗುಟ್ಟಿದರೆ ತಲೆಗೆ ಹಚ್ಚಿ ಉಳಿದ ತೆಂಗಿನೆಣ್ಣೆಯನ್ನು ಬೆರಳಿನಿಂದ ಅಚ್ಚಿಗೆ ಸವರಿ, "ಸುಮ್ನಾಗೆ, ಅತ್ತೆ ಕೇಂತ್ರ್" ಎಂದು ಪಿಸುಗುಟ್ಟುತ್ತಿದ್ದಳು.

ಆ ದ್ವೀಪಕ್ಕೊಂದು ಪದ್ಧತಿಯಿತ್ತು. ದೋಣಿ ಕೆಟ್ಟವನಾಗಲಿ, ಗಾಳಿಗೆ ಸಿಕ್ಕಿ ದಿಕ್ಕು ತಪ್ಪಿದವನಾಗಲಿ, ಕಡಲಿಂದ ಬಂದವನ ಕೈಗೆ ಮೊದಲು ನೀರು, ಒಂದು ತುಂಡು ಬೆಲ್ಲ. ಹೆಸರು, ಊರು, ಜಾತಿ ಎಲ್ಲ ಆಮೇಲೆ. ಹಲವರು ಏನನ್ನೂ ಹೇಳದೆ ಕುಡಿದು ಹೋಗಿದ್ದೂ ಇದೆ. "ಕಡ್ಲಿಂದ ಬಂದವ್ರಿಗೆ ನೀರ್ ಇಲ್ಲೆ ಅಂಬುಕಾಗ." ನೀರಿಲ್ಲ ಎನ್ನಬಾರದೆಂಬ ಈ ಕಟ್ಟಳೆ ಮೀರಿದ ಮನೆ ಅಲ್ಲಿರಲಿಲ್ಲ.

ಹಾಗೆ ನೀರು ಕುಡಿದವರಲ್ಲಿ ದಿನಕರನೂ ಒಬ್ಬ. ವ್ಯಾಪಾರಕ್ಕೆ ಜಾಗ ಹುಡುಕುತ್ತ ಬಾಡಿಗೆ ಬೋಟಿನಲ್ಲಿ ಬಂದಿಳಿದ, ಅಂಗಿ ಬೆವರಿನಲ್ಲಿ ನೆನೆದಿತ್ತು. ಅಕ್ಕಣಿ ನೀರು ಕೊಟ್ಟಳು, ಬೆಲ್ಲ ಕೊಟ್ಟಳು. "ಎಳನೀರಿನ ಹಾಗೆ ಉಂಟಲ್ಲ ಅಕ್ಕ!" ಎಂದು ಇನ್ನೊಂದು ತಂಬಿಗೆ ಕೇಳಿದ. ಮುಂದಿನ ಸಲ ಬಂದವನು ಗಂಡಸರನ್ನು ಬಾವಿಕಟ್ಟೆಯ ಮೇಲೆ ಕೂರಿಸಿಕೊಂಡ.

"ಆಚೆ ತುದಿಯ ಬಯಲಲ್ಲಿ ನಾಲ್ಕು ಗುಡಿಸಲು ಹಾಕ್ತೇವೆ, ಅಷ್ಟೆ. ಪೇಟೆಯ ಜನ ಬರ್ತಾರೆ, ಎರಡು ದಿನ ಇರ್ತಾರೆ, ಹೋಗ್ತಾರೆ. ಎಲ್ಲ ಬಡಪಾಯಿಗಳೇ ಮಾರಾಯ್ರೆ, ಶ್ರೀಮಂತರು ಬರೋ ಜಾಗ ಅಲ್ಲ ಇದು. ನಿಮ್ಮ ಮನೆ ಬೇಡ, ತೆಂಗು ಬೇಡ. ಬಂದವರಿಗೆ ನೀರು ಕೊಟ್ಟರೆ ಸಾಕು."

ಹೆರಿಯ ತಲೆ ಕೆರೆದುಕೊಂಡ. "ನೀರ್ ಕೇಂಡ್ರೆ ಇಲ್ಲೆ ಅಂಬುದ್ ಹ್ಯಾಂಗೆ?"

ಕೊಡ ಹಿಡಿದು ನಿಂತಿದ್ದ ಅಕ್ಕಣಿ ಎಂದಳು: "ಕೇಂಬುದ್ ಬಾಯೋ, ಪಂಪೋ? ಅದನ್ ಕೇಣಿ ಮೊದ್ಲ್."

"ನಿನ್ ಬಾಯೇ ಒಂದ್ ಪಂಪ್ ಮಾರಾಯ್ತಿ!" ಎಂದ ಯಾರೋ. ಗಂಡಸರೆಲ್ಲ ನಕ್ಕರು. ನಗು ಮುಗಿಯುವುದರೊಳಗೆ ಮಾತು ಮುಗಿದಿತ್ತು. ಬೇರೆ ಏನನ್ನು ಕೇಳಿದ್ದರೂ ಆ ಜನ ಯೋಚಿಸುತ್ತಿದ್ದರು. ನೀರಿಗೆ ಇಲ್ಲ ಎನ್ನುವ ಅಭ್ಯಾಸ ಅವರ ನಾಲಗೆಗೆ ಇರಲಿಲ್ಲ. ಅದನ್ನು ಬಲ್ಲ ದಿನಕರ ಕೇಳಿದ್ದು ನೀರನ್ನೇ.

ಪಂಪು ಬಂತು. ನನ್ನ ಪಕ್ಕದಿಂದಲೇ ದಪ್ಪ ಪೈಪು ಇಳಿಯಿತು. ನಾಲ್ಕು ಗುಡಿಸಲು ಎಂದದ್ದು ಎರಡು ಸಾಲಾಯಿತು, ಸ್ನಾನದ ಮನೆಗಳಾದವು, ನೀಲಿ ಹಂಚಿನ ಈಜುಕೊಳವಾಯಿತು. ಸುತ್ತ ಕಡಲಿರುವಾಗ ಈಜಲು ಕೊಳ! ಬಂದವರು ಕಡಲಲ್ಲಿ ಮಿಂದು, ಮೈಯ ಉಪ್ಪು ತೊಳೆಯಲು ಸಿಹಿನೀರಿನ ನಲ್ಲಿಯ ಕೆಳಗೆ ನಿಲ್ಲುತ್ತಿದ್ದರು. ಅವರು ಕೆಟ್ಟವರಲ್ಲ. ಬಸ್ಸಿನ ಕಂಡಕ್ಟರು, ಆಸ್ಪತ್ರೆಯ ನರ್ಸು, ಹೊಸದಾಗಿ ಮದುವೆಯಾದ ಟೈಲರು. ವರ್ಷವಿಡೀ ದುಡಿದು ಎರಡು ದಿನದ ಗಾಳಿಗೆ ಬಂದವರು. ರಜೆ ಅಗ್ಗವಾಗಿ ಸಿಕ್ಕಿತೆಂದು ಅವರಿಗೆ ಖುಷಿ. ಅದು ಯಾಕೆ ಅಗ್ಗ ಎಂದು ಅವರಿಗೆ ಯಾರೂ ಹೇಳಲಿಲ್ಲ.

ಮೊದಲು ಗೊತ್ತಾದದ್ದು ಹೆರಿಯನ ಮನೆಯಲ್ಲಿ. "ಗಂಜಿಗ್ ಉಪ್ಪ್ ಹೆಚ್ಚಾಯ್ತಲ್ಲೆ" ಎಂದ ಅವನು.

ಅಕ್ಕಣಿ ತಾನೂ ಒಂದು ಗುಟುಕು ಕುಡಿದು ನೋಡಿದಳಂತೆ. ಆಮೇಲೆ ಹೇಳಿದಳಂತೆ: "ನಾನ್ ಉಪ್ಪೇ ಹಾಕ್ಲಿಲ್ಲೆ."

ಮರುದಿನ ಹೆಂಗಸರು ಕೊಡಪಾನ ಕೆಳಗಿಟ್ಟು ಪಂಪಿನ ಪೈಪನ್ನು ಸುತ್ತುವರಿದು ನಿಂತರು. ದಿನಕರ ಪರವಾನಗಿಯ ಕಾಗದ ತೋರಿಸಿದ. ಬಾವಿ ಅವರದು ಎನ್ನಲು ಅವರ ಬಳಿ ಏನಿದೆ ಎಂದು ಕೇಳಿದ. ಅವರ ಬಳಿ ಇದ್ದದ್ದು ನಾನು, ಹಗ್ಗ, ಅಂಗೈಯ ಜಡ್ಡು. ಅದನ್ನು ಕಚೇರಿಯಲ್ಲಿ ಯಾರೂ ಓದಲಿಲ್ಲ.

ಅವರನ್ನು ಯಾರೂ ಕತ್ತು ಹಿಡಿದು ದಬ್ಬಲಿಲ್ಲ. ಮಕ್ಕಳಿಗೆ ಭೇದಿ ಹಿಡಿಯಿತು. ಬೇಳೆ ಬೇಯದಾಯಿತು. ದಡದಿಂದ ದೋಣಿಯಲ್ಲಿ ನೀರು ತಂದು ಎಷ್ಟು ದಿನ ಬದುಕಿಯಾರು? ಒಂದೊಂದೇ ಮನೆಯ ಒಲೆ ಆರಿತು. ಕೊನೆಗೆ ಹೊರಟವನು ಹೆರಿಯ. ಹಗ್ಗ ಬಿಚ್ಚಿಕೊಂಡ, ನನ್ನ ಮೇಲೆ ಕೈಯಿಟ್ಟ, ಕೈ ತೆಗೆದ. "ಇದ್ ಇಲ್ಲೇ ಇರ್ಲಿ. ಬಾವಿ ಬೋಳಾಪ್ಪುದ್ ಬ್ಯಾಡ" ಎಂದು ನನ್ನ ಅಣ್ಣ ದೋಣಿಯನ್ನು ನೀರಿಗೆ ತಳ್ಳಿದ.

ಆಮೇಲೆ ದಿನಕರ ಬಾವಿಗೆ ಕಬ್ಬಿಣದ ಜಾಲರಿ ಹಾಕಿಸಿ ಬೀಗ ಜಡಿಸಿದ. ನನಗೆ ನೀಲಿ ಬಣ್ಣ ಬಳಿಸಿ ಪಕ್ಕದ ಊಟದ ಚಪ್ಪರದಲ್ಲಿ ತೂಗುಹಾಕಿಸಿದ, ಪ್ಲಾಸ್ಟಿಕ್ ಬಳ್ಳಿ ಸುತ್ತಿಸಿದ. ಜನ ನನ್ನ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಕುಡಿಯುವ ನೀರು ಈಗ ದಡದಿಂದ ಟ್ಯಾಂಕಿನಲ್ಲಿ ಬರುತ್ತದೆ. ತರಲು ಆಗುತ್ತಿತ್ತಲ್ಲ! ಬಾವಿ ಸತ್ತ ಮೇಲೆ ತಂದದ್ದನ್ನು ಬಾವಿ ಬದುಕಿರುವಾಗಲೇ ಯಾಕೆ ತರಲಿಲ್ಲ? ಮರದ ಚಕ್ರಕ್ಕೆ ಹೊಳೆಯುವ ಈ ಪ್ರಶ್ನೆ ಪರವಾನಗಿ ಕೊಟ್ಟವರಿಗೆ ಹೊಳೆಯಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ, ಎರಡು ದಿನದ ಅಗ್ಗದ ರಜೆಗೆ ಬಂದ ಗುಂಪಿನಲ್ಲಿ ಒಬ್ಬ ಮುದುಕಿ ಇಳಿದಳು. ಕಿತ್ತಳೆ ಬಣ್ಣದ ತೇಲುವ ಜಾಕೆಟ್ಟು ಸೀರೆಯ ಮೇಲೆ. ಜೊತೆಗೆ ಗೋಡಂಬಿ ಕಾರ್ಖಾನೆಯಲ್ಲಿ ದುಡಿಯುವ ಮೊಮ್ಮಗಳು ಪ್ರಮೀಳಾ. ಮುದುಕಿಯ ನಡಿಗೆ ಬದಲಾಗಿತ್ತು, ಕೂದಲು ಬೆಳ್ಳಗಾಗಿತ್ತು. ಚಪ್ಪರದೊಳಗೆ ಬಂದವಳು ತಲೆಯೆತ್ತಿ ನನ್ನನ್ನು ನೋಡಿದಳು.

"ಹೋ, ನಿಂಗೆ ಬಣ್ಣ ಹಚ್ಚೀರಾ?" ಎಂದಳು ಅಕ್ಕಣಿ.

ಕೆಲಸದ ಹುಡುಗಿ ಕಾಗದದ ಲೋಟದಲ್ಲಿ ಬೆಲ್ಲದ ಪಾನಕ ತಂದಳು. "ತಗೊಳ್ಳಿ ಅಜ್ಜಿ. ಬಂದವರಿಗೆ ಬೆಲ್ಲ, ನೀರು ಕೊಡೋದು ಈ ದ್ವೀಪದ ಸಂಪ್ರದಾಯ."

"ಹೌದಾ? ಗೊತ್ತೇ ಇರ್ಲಿಲ್ಲೆ ಮಗಾ" ಎಂದು ಅಕ್ಕಣಿ ಲೋಟವನ್ನು ಮೇಜಿನ ಮೇಲಿಟ್ಟಳು.

ಅವಳು ಬಂದದ್ದು ರಜೆಗಲ್ಲ. ಹೆರಿಯ ಹಾಸಿಗೆ ಹಿಡಿದಿದ್ದ. ಅನ್ನ ಬಿಟ್ಟಿದ್ದ. ಕೇಳುತ್ತಿದ್ದುದು ಒಂದೇ, ಸೀನೀರ್ಬಂಡೆಯ ಬಾವಿಯ ನೀರು ಒಂದು ಗುಟುಕು. ದಿನಕರನ ಬೋಟು ಬಿಟ್ಟು ಬೇರೆ ದೋಣಿ ಈಗ ಇಲ್ಲಿಗೆ ಬರುವಂತಿಲ್ಲ. ಆದ್ದರಿಂದ ತನ್ನದೇ ಊರಿಗೆ ಅಕ್ಕಣಿ ಪ್ರವಾಸಿಯಾಗಿ ಬಂದಿದ್ದಳು, ಚೀಲದಲ್ಲಿ ಒಂದು ಖಾಲಿ ಬಾಟಲಿ ಇಟ್ಟುಕೊಂಡು.

ಬಾವಿಯ ಬೀಗ ತೆಗೆಯಿರೆಂದು ಅವಳು ಹಟ ಹಿಡಿದಳು. ಗದ್ದಲ ಕೇಳಿ ದಿನಕರ ಬಂದ. ಅವನಿಗೆ ಗುರುತು ಸಿಗಲಿಲ್ಲ.

"ನೀನ್ ಮೊದ್ಲ್ ಬಂದಾಗ ನಿನ್ ಕೈಗ್ ನೀರ್ ಕೊಟ್ಟದ್ ನಾನೇ. ಎರಡ್ ತಂಬಿಗೆ ಕುಡ್ದಿದೆ. ಈಗ ನಮ್ ಯಜಮಾನ್ರ್ ಹಾಸ್ಗಿ ಹಿಡ್ದೀರ್, ಈ ಬಾವಿ ನೀರೇ ಬೇಕ್ ಅಂತ್ರ್. ನಂಗೊಂದ್ ಬಾಟ್ಲಿ ಕೊಡ್."

ಅವನು ಕ್ಷಣ ಪೆಚ್ಚಾದ. ಆದರೆ ವ್ಯಾಪಾರ ಬಲ್ಲವನು, ತಕ್ಷಣ ಕೈ ತಟ್ಟಿ ಕೂಗಿದ: "ಎಲ್ಲರೂ ಬನ್ನಿ! ಈ ಅಜ್ಜಿ ಇಲ್ಲಿಯವರೇ. ಹಿಂದಿನ ಕಾಲದಲ್ಲಿ ನೀರು ಹೇಗೆ ಸೇದ್ತಿದ್ರು ಅಂತ ತೋರಿಸ್ತಾರೆ. ಫೋಟೋ ತಗೊಳ್ಳಿ!"

ಪ್ರಮೀಳಾಳ ಮುಖ ಕೆಂಪಾಯಿತು. "ಅಜ್ಜಿ, ಬ್ಯಾಡ."

"ತೆಕ್ಕಣ್ಲಿ ಬಿಡೆ. ಬೀಗ ತೆಗದ್ರೆ ಸಾಕ್."

ನನ್ನನ್ನು ಇಳಿಸಿ ಬಾವಿಯ ಮೇಲೆ ಮತ್ತೆ ತೂಗುಹಾಕಿದರು. ನೈಲಾನು ಹಗ್ಗ, ಪ್ಲಾಸ್ಟಿಕ್ ಬಕೀಟು. ಅಕ್ಕಣಿ ಎಳೆದಳು. ನಾನು ಕಿರುಚಿದೆ. ಈ ಸಲ ಸುಮ್ಮನಿರು ಎನ್ನಲಿಲ್ಲ ಅವಳು. ಬಕೀಟು ಮೇಲೆ ಬಂತು. ಫೋನುಗಳು ಅವಳತ್ತ ತಿರುಗಿದವು. ಅವಳು ಬೊಗಸೆ ತುಂಬಿ ಕುಡಿದಳು, ನುಂಗಿದಳು. ಆಮೇಲೆ ಮೇಜಿನ ಮೇಲಿದ್ದ ಪಾನಕ ತರಿಸಿ ಚೆಲ್ಲಿ, ಅದೇ ಕಾಗದದ ಲೋಟದಲ್ಲಿ ಬಾವಿಯ ನೀರು ತುಂಬಿ ದಿನಕರನ ಮುಂದೆ ಹಿಡಿದಳು.

"ಕುಡಿ. ನೀನೂ ಕಡ್ಲಿಂದ ಬಂದವನೇ."

ಜನ ನಗುತ್ತ ನೋಡುತ್ತಿದ್ದರು. ಬೇಡ ಎನ್ನಲಾಗದೆ ಅವನು ಬಾಯಿಗಿಟ್ಟ. ಥೂ ಎಂದು ಉಗಿದ. ನಗು ನಿಂತಿತು. ಒಬ್ಬೊಬ್ಬರೇ ಫೋನು ಇಳಿಸಿದರು.

"ಉಗುಳ್ಬ್ಯಾಡ. ಇದನ್ನೇ ನಮ್ ಮಕ್ಳ್ ಕುಡ್ದದ್."

ದಿನಕರ ಬಾಯಿ ಒರೆಸಿಕೊಂಡು, ತಣ್ಣಗಿನ ಸೀಲು ಮಾಡಿದ ಬಾಟಲಿಯೊಂದನ್ನು ತರಿಸಿ ಅವಳ ಕೈಗಿಟ್ಟ. ಸ್ವರ ತಗ್ಗಿಸಿ ಹೇಳಿದ: "ಇದನ್ನೇ ಕೊಡಿ ಅಕ್ಕ. ಸಾಯೋ ಮನುಷ್ಯನಿಗೆ ಏನು ಗೊತ್ತಾಗ್ತದೆ?"

"ಗೊತ್ತಾತ್ತ್" ಎಂದಳು ಅಕ್ಕಣಿ. "ಉಪ್ಪ್ ಹಾಕದ ಗಂಜಿ ಉಂಡ್ ಉಪ್ಪ್ ಹೆಚ್ಚಾಯ್ತ್ ಅಂದವ್ರ್ ಅವ್ರ್."

ಸೀಲಿನ ಬಾಟಲಿಯನ್ನು ಕಟ್ಟೆಯ ಮೇಲಿಟ್ಟು, ತನ್ನ ಬಾಟಲಿಗೆ ಬಾವಿಯ ಉಪ್ಪುನೀರನ್ನೇ ತುಂಬಿಸಿ ಮುಚ್ಚಳ ಬಿಗಿದಳು. ರಾತ್ರಿ ಉಳಿಯಲಿಲ್ಲ. ಸಂಜೆಯ ಬೋಟಿಗೇ ಮೊಮ್ಮಗಳ ಕೈಹಿಡಿದು ಹತ್ತಿದಳು. ಬಾಟಲಿ ಮಡಿಲಲ್ಲಿತ್ತು.

ಹೆರಿಯ ಆ ನೀರು ಕುಡಿದನೋ, ಕುಡಿದು ಏನೆಂದನೋ ನನಗೆ ಗೊತ್ತಾಗಲಿಲ್ಲ. ನನ್ನನ್ನು ಮರಳಿ ಚಪ್ಪರಕ್ಕೆ ತಂದು ತೂಗುಹಾಕಿದರು. ನನಗೀಗ ಮುಪ್ಪು. ನೀಲಿ ಬಣ್ಣ ಸಿಪ್ಪೆ ಏಳುತ್ತಿದೆ, ಅಚ್ಚು ತುಕ್ಕು ಹಿಡಿದಿದೆ. ಆ ಒಂದು ಬಕೀಟು ನೀರು ಹಗ್ಗದಿಂದ ನನ್ನ ತೋಡಿಗೆ ಇಳಿದು ಮರದೊಳಗೆ ಕೂತಿದೆ. ಬಿಸಿಲು ಏರಿದ ದಿನ ತೋಡಿನುದ್ದಕ್ಕೆ ಬಿಳಿಯ ಗೆರೆಯೊಂದು ಮೂಡುತ್ತದೆ. ಕೆಲಸದ ಹುಡುಗಿ ಧೂಳೆಂದು ಒರೆಸುತ್ತಾಳೆ, ಅದು ಮತ್ತೆ ಮೂಡುತ್ತದೆ.

ಮೊನ್ನೆ ಒರೆಸಿದ ಬೆರಳನ್ನು ಅವಳು ಯಾಕೋ ನಾಲಗೆಗೆ ಮುಟ್ಟಿಸಿ ನೋಡಿದಳು. ಆಮೇಲೆ ಬಟ್ಟೆ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಜಾಲರಿ ಹಾಕಿದ ಬಾವಿಯ ಕಡೆ ನೋಡುತ್ತ ನಿಂತಳು. ಆವತ್ತಿನಿಂದ ಅವಳು ಒರೆಸುತ್ತಿಲ್ಲ.