ಬಟ್ಟೆ ನಿಮ್ಮದು, ಹೊಲಿಗೆ ನಮ್ಮದು

ನಮ್ಮ ಮಾವ ಎಂಜಲು ಕೈಯಲ್ಲಿ ಕಾಗೆ ಓಡಿಸದವರು. ಇದನ್ನು ನಾನು ಬೆನ್ನ ಹಿಂದೆ ಆಡುತ್ತಿಲ್ಲ, ಅವರ ಮುಖಕ್ಕೇ ಹೇಳಿದ್ದೇನೆ. ಅವರ ಕೊಡೆ ಕಂಪನಿಯ ಬಾಗಿಲ ಮೇಲೆ ಒಂದು ಬೋರ್ಡಿತ್ತು: ‘ನಮ್ಮ ಕೊಡೆಗೆ ಜೀವನಪೂರ್ತಿ ಉಚಿತ ರಿಪೇರಿ. ಬಟ್ಟೆ ನಿಮ್ಮದು, ಹೊಲಿಗೆ ನಮ್ಮದು.’ ಅಂದರೆ ಕೊಡೆ ಹರಿದರೆ ತೇಪೆಯ ಬಟ್ಟೆಯನ್ನು ಗಿರಾಕಿಯೇ ಮನೆಯಿಂದ ತರಬೇಕು. ಹೊಸ ಕಪ್ಪು ಬಟ್ಟೆಯನ್ನು ಗೇಣುದ್ದ ಕತ್ತರಿಸುವುದಕ್ಕೂ ಮಾವನಿಗೆ ಜೀವ ಹೋದಂತಾಗುತ್ತಿತ್ತು.

ಮದುವೆಯಾದ ಹೊಸತರಲ್ಲಿ ನನ್ನ ಕೊಡೆಯೂ ಹರಿಯಿತು. ಅವರದೇ ಕಂಪನಿಯದು, ನಾನೇ ದುಡ್ಡು ಕೊಟ್ಟು ಕೊಂಡದ್ದು. ಸೊಸೆಯೆಂಬ ಸಲಿಗೆಯಲ್ಲಿ ಒಯ್ದು ಮುಂದಿಟ್ಟರೆ, “ಬಟ್ಟೆ ತಂದಿದ್ದೀಯೇನಮ್ಮಾ?” ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಕೊಡೆಯನ್ನು ಅಲ್ಲೇ ಬಿಸಾಕಿ, ಎದುರಂಗಡಿಯಲ್ಲಿ ಹೊಸದೊಂದು ಮಡಚುವ ಕೊಡೆ ಕೊಂಡು, ಅವರ ಕಣ್ಣೆದುರೇ ಬಿಚ್ಚಿಕೊಂಡು ಮನೆಗೆ ನಡೆದೆ. ಆ ದಿನ ಮಳೆ ಇರಲಿಲ್ಲ.

ಕೊನೆಗೆ ಅಂಥ ಮಡಚುವ ಕೊಡೆಗಳೇ ಕಂಪನಿಯನ್ನು ನುಂಗಿದವು. ಹರಿದರೆ ಎಸೆದು ಇನ್ನೊಂದು ಕೊಳ್ಳುವುದು ಜನಕ್ಕೆ ರೂಢಿಯಾಯಿತು. ನನ್ನ ಗಂಡನಿಗೆ ಕೊಡೆ ಕಂಡರಾಗದು, ಅವರು ಬಸ್ಸು ಓಡಿಸುತ್ತಾರೆ. ಹಾಗಾಗಿ ಲೆಕ್ಕಪತ್ರವೆಲ್ಲ ಯಾವಾಗಲೋ ನನ್ನ ತಲೆಗೆ ಬಂದಿತ್ತು. ನಷ್ಟವನ್ನು ಇನ್ನು ಮುಚ್ಚಿಡಲಾಗದು ಎಂದಾಗ ಮಾವನೆದುರು ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಮಂಡಿ ನೀವಿಕೊಂಡರು.

“ಮುಚ್ಚೋಣ. ಆದ್ರೆ ಯಾರ ಋಣಾನೂ ಇಟ್ಕೊಂಡು ಬೀಗ ಹಾಕಬಾರದಮ್ಮಾ.”

ಯಂತ್ರಗಳನ್ನು ಮಾರಿದ ದುಡ್ಡು, ಉಳಿದಿದ್ದ ಇಬ್ಬರು ಕೆಲಸಗಾರರಿಗೆ ಎಂದು ಮಾತಾಯಿತು. ತೇಪೆ ಹಾಕುವ ಹೊಲಿಗೆಯಕ್ಕ ಒಬ್ಬಳು, ಕೊಡೆಗೆ ಕಡ್ಡಿ ಕೂರಿಸುವ ಕಡ್ಡಿ ಮೇಷ್ಟ್ರು ಇನ್ನೊಬ್ಬರು. ಅದಕ್ಕೆ ಮೊದಲು ತೆರಿಗೆ ಚುಕ್ತಾ ಮಾಡಿ, ಕಂಪನಿ ಮುಚ್ಚಿತೆಂಬ ಪತ್ರ ಪಡೆಯಬೇಕಿತ್ತು.

ತೆರಿಗೆ ಅಧಿಕಾರಿ ಬಂದಳು. ಚಿಕ್ಕ ವಯಸ್ಸು, ಅಳೆದು ತೂಗಿ ಮಾತು. ಬಟ್ಟೆಯ ಸುರುಳಿ, ಹಿಡಿಕೆಯ ಡಬ್ಬ ಎಲ್ಲ ನೋಡಿ ಬರೆದುಕೊಂಡಳು. ಆಮೇಲೆ ತಲೆಯೆತ್ತಿದಳು. ಸೂರಿನ ತಂತಿಗಳಲ್ಲಿ ಬಾವಲಿಗಳ ಹಾಗೆ ನೂರಾರು ಕೊಡೆಗಳು ಮುಚ್ಚಿಕೊಂಡು ನೇತಾಡುತ್ತಿದ್ದವು.

“ಅವು?”

“ರಿಪೇರಿಗೆ ಬಂದವು ಮೇಡಂ,” ಎಂದೆ. “ರಿಪೇರಿ ಆಗಿದೆ, ಜನ ಬಂದು ತಗೊಂಡು ಹೋಗಿಲ್ಲ.”

“ಚೀಟಿ ತೋರಿಸಿ.”

“ಚೀಟಿ ಯಾಕಮ್ಮಾ?” ಮಾವ ಮಧ್ಯೆ ಬಾಯಿ ಹಾಕಿದರು. “ಕಾಗದಕ್ಕೂ ದುಡ್ಡು ಕೊಡಬೇಕಲ್ಲ!”

ಅವಳು ನಗಲಿಲ್ಲ. ಮುಚ್ಚುವ ದಿನ ಕಂಪನಿಯೊಳಗೆ ಉಳಿದ ಮಾಲಿಗೂ ತೆರಿಗೆ ಕಟ್ಟಬೇಕು. ಬೇರೆಯವರದೆಂದು ತೋರಿಸದಿದ್ದರೆ ಎಲ್ಲ ಕೊಡೆಗಳೂ ಕಂಪನಿಯ ಮಾಲೇ. ಅವಳು ಹೇಳಿದ ಮೊತ್ತವನ್ನು ನಿಂತಲ್ಲೇ ಲೆಕ್ಕ ಹಾಕಿದೆ. ಯಂತ್ರ ಮಾರಿದ ದುಡ್ಡೆಲ್ಲ ಅದಕ್ಕೇ ಹೋಗುತ್ತಿತ್ತು.

“ನಿಮ್ಮದಲ್ಲ ಅಂತ ತೋರಿಸಿ, ತೆಗೆದುಹಾಕ್ತೀನಿ. ಸೋಮವಾರ ಬರ್ತೀನಿ,” ಎಂದು ಹೋದಳು.

ಹೊಲಿಗೆಯಕ್ಕ ಸೆರಗಿಗೆ ಕೈ ಒರೆಸಿಕೊಂಡು ನೇರವಾಗಿ ನನ್ನೆದುರು ನಿಂತಳು. “ನನ್ನ ದುಡ್ಡು ಮಾತ್ರ ನಾನು ಬಿಡಲ್ಲ, ಈಗ್ಲೇ ಹೇಳಿಬಿಡ್ತೀನಿ.” ಅವಳು ಹೇಳಿದ್ದು ನ್ಯಾಯವೇ ಆಗಿತ್ತು.

ಇಂಥ ಹೊತ್ತಿಗೆ ಸಲಹೆ ಕೊಡಲು ಮೈದುನ ತಪ್ಪದೇ ಬರುತ್ತಾನೆ. “ಅತ್ತಿಗೆ, ಬೀಗ ಜಡಿದು ಫೋನ್ ನಂಬರ್ ಬದಲಾಯಿಸಿಬಿಡಿ. ಈ ಬೀದೀಲಿ ಮುಚ್ಚಿದ ಯಾವ ಕಂಪನಿ ಟ್ಯಾಕ್ಸ್ ಕಟ್ಟಿದೆ ಹೇಳಿ? ಭಯ ಆದ್ರೆ ಸೋಮವಾರದೊಳಗೆ ಛತ್ರಿನೆಲ್ಲ ಗುಜರಿಗೆ ಹಾಕಿ.”

ನನಗೆ ಪಿತ್ತ ನೆತ್ತಿಗೇರಿತು. ಕೈಗೆ ಸಿಕ್ಕ ಕೊಡೆಯೊಂದನ್ನು ಎಳೆದು ಅವನ ಮೂಗಿನೆದುರಿಗೇ ಫಟ್ಟನೆ ಬಿಚ್ಚಿದೆ. “ಯಾರದ್ದೋ ಮನೆ ವಸ್ತು ಕಣೋ ಇದು! ಗುಜರಿಗೆ ಹಾಕೋಕೆ ನೀನ್ಯಾರು?”

ಮೈದುನ ಕೊಡೆಯೊಳಗೆ ನೋಡಿ ಕಣ್ಣರಳಿಸಿದ. ನಾನೂ ಬಗ್ಗಿ ನೋಡಿದೆ. ಕಪ್ಪು ಬಟ್ಟೆಯ ನಡುವೆ ಅಂಗೈಯಗಲದ ಹಳದಿ ತೇಪೆ, ಅದರ ತುಂಬ ಪುಟ್ಟ ಪುಟ್ಟ ಬಾತುಕೋಳಿಗಳು. ಯಾವುದೋ ಮಗುವಿನ ಫ್ರಾಕು. ಇನ್ನೊಂದು ಬಿಚ್ಚಿದೆ: ಶಾಲೆಯ ಸಮವಸ್ತ್ರ. ಮತ್ತೊಂದು: ಕಸೂತಿ ಹಾಕಿದ ದಿಂಬಿನ ಚೀಲ. ಇಷ್ಟು ವರ್ಷ ದಿನವೂ ನೋಡಿ ನೋಡಿ, ಇದೇ ಗುರುತಾದೀತೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ. ಮಾರುವ ಮಾಲಿಗೆ ಯಾರಾದರೂ ಕಂಡವರ ದಿಂಬಿನ ಚೀಲ ಹೊಲಿಯುತ್ತಾರೆಯೇ?

“ಮಾವಾ, ನಿಮ್ಮ ಜಿಪುಣತನ ನಮ್ಮನ್ನ ಕಾಪಾಡ್ತು!” ಎಂದು ಕೂಗಿದೆ.

“ಜಿಪುಣತನ ಅಲ್ಲ, ಮಿತವ್ಯಯ,” ಎಂದರು ಮಾವ.

ಸೋಮವಾರ ಬೆಳಿಗ್ಗೆ ಬೀದಿಯ ಈ ಕಡೆಯಿಂದ ಆ ಕಡೆಗೆ ಹಗ್ಗ ಕಟ್ಟಿಸಿ, ಅಷ್ಟೂ ಕೊಡೆಗಳನ್ನು ಬಿಚ್ಚಿ ತೂಗುಹಾಕಿದೆವು. ಹಗ್ಗ ಕಟ್ಟಲು ಏಣಿ ಹತ್ತಿದ್ದು ಮೈದುನನೇ. ಮೇಲಿನಿಂದ ನೋಡಿದವರಿಗೆ ಬರೀ ಕಪ್ಪು, ಕೆಳಗೆ ನಡೆದವರಿಗೆ ನೂರು ಬಣ್ಣ. ಆಫೀಸಿಗೆ ಹೊರಟವರು ಕತ್ತೆತ್ತಿ ನಡೆದು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು. ಸುದ್ದಿಗೇನು, ಕಾಲಿಲ್ಲದಿದ್ದರೂ ಓಡುತ್ತದೆ.

“ಅಯ್ಯೋ, ನನ್ನ ಬಾತುಕೋಳಿ ಫ್ರಾಕು!” ಎಂದು ಆಸ್ಪತ್ರೆಯ ನರ್ಸ್ ಒಬ್ಬಳು ಬೀದಿಯಲ್ಲೇ ಕುಣಿದಳು. ಇಬ್ಬರು ನೆರೆಮನೆಯವರು ಪರದೆ ತುಂಡಿನ ತೇಪೆಯಿದ್ದ ಒಂದೇ ಕೊಡೆಗೆ ಜಗಳಕ್ಕೆ ನಿಂತರು. ಒಂದೇ ಅಂಗಡಿಯಲ್ಲಿ ಒಂದೇ ಥಾನಿನಿಂದ ಪರದೆ ಹೊಲಿಸಿದ್ದರಂತೆ. ಕಡ್ಡಿ ಮೇಷ್ಟ್ರು ಹಿಡಿಕೆ ನೋಡಿ ಯಾರದೆಂದು ಗುರುತಿಸಿ ಪಂಚಾಯಿತಿ ಮುಗಿಸಿದರು. ಬ್ರೆಡ್ಡಿನಂಗಡಿಯವರು ಮಾತ್ರ ದಿಂಬಿನ ಚೀಲದ ಕೊಡೆಯ ಕೆಳಗೆ ನಿಂತುಬಿಟ್ಟರು. “ಅಮ್ಮನ ಕೈಕೆಲಸ,” ಎಂದಷ್ಟೇ ಹೇಳಿ ಕಣ್ಣೊರೆಸಿಕೊಂಡರು.

ಅಧಿಕಾರಿ ಬಂದಾಗ ನಮ್ಮ ಬಾಗಿಲು ಮುಟ್ಟಲು ಅವಳೂ ಸಾಲಿನಲ್ಲಿ ನಿಲ್ಲಬೇಕಾಯಿತು. ನನಗೆ ಹಿಡಿಸಲಾರದಷ್ಟು ಖುಷಿ. ಮೇಜು ಹೊರಗೆ ಹಾಕಿಸಿಕೊಂಡು ಒಬ್ಬೊಬ್ಬರನ್ನೇ ಕೇಳಿ ಬರೆದಳು. ಯಾರೂ ಬಾರದೆ ಉಳಿದ ಕೊಡೆಗಳ ತೇಪೆಗಳನ್ನೂ ಮುಟ್ಟಿ ನೋಡಿದಳು. “ತೇಪೆ ಹಾಕಿದ ಹೊಸ ಮಾಲು ನಾನೆಲ್ಲೂ ಕಂಡಿಲ್ಲ,” ಎಂದು ಮೊತ್ತದ ಮೇಲೆ ಉದ್ದಕ್ಕೆ ಗೀಟೆಳೆದಳು. ಬೀದಿಯವರೆಲ್ಲ ಹೋ ಎಂದರು. ಹೊಲಿಗೆಯಕ್ಕ ನನ್ನನ್ನು ಅಪ್ಪಿಕೊಂಡಳು.

ಸಹಿ ಹಾಕುವ ಮೊದಲು ಕೊನೆಯದಾಗಿ ಒಳಗೊಂದು ಸುತ್ತು ಬಂದಳು. ಮಾವನ ಕುರ್ಚಿಯ ಹಿಂದಿನ ಮೊಳೆಯಲ್ಲಿ ಇನ್ನೂ ಒಂದು ಕೊಡೆ ನೇತಾಡುತ್ತಿತ್ತು.

“ಇದನ್ನ ಯಾಕೆ ಹೊರಗೆ ಹಾಕಿಲ್ಲ? ಇದು ಕಂಪನೀದಾ?”

ಮಾವ ಎಂದೂ ಇಲ್ಲದ ಹಾಗೆ ತಡವರಿಸಿದರು. “ಕಂಪನೀದಲ್ಲ. ಇವಳದ್ದು.”

ನಾನು ಬಿಚ್ಚಿದೆ. ಒಳಗೆ ನೀಲಿ ಗೆರೆಯ ತೇಪೆ. ನಮ್ಮ ಮದುವೆಯ ಫೋಟೋದಲ್ಲಿ ಮಾವ ತೊಟ್ಟಿರುವ ಶರ್ಟು. ಅವರಿಗಿದ್ದ ಒಂದೇ ಒಂದು ಒಳ್ಳೆಯ ಶರ್ಟು. ಅದೆಲ್ಲಿ ಹೋಯಿತೆಂದು ಅತ್ತೆ ಬದುಕಿರುವವರೆಗೂ ಹುಡುಕುತ್ತಿದ್ದರು.

“ನೀನು ಬಟ್ಟೆ ತರ್ಲಿಲ್ಲ,” ಎಂದರು ಮಾವ, ನನ್ನನ್ನು ನೋಡದೆ. “ಮನೆ ಬಟ್ಟೇನೇ ಆಗ್ಬೇಕು, ಅದು ನಿಯಮ. ಕೇಳ್ಕೊಂಡು ಬರ್ತೀಯಾ ಅಂತ ಕಾಯ್ತಿದ್ದೆ.”

ನಾನು ಕೊಡೆ ಮುಚ್ಚಿ ಕಂಕುಳಲ್ಲಿ ಇರಿಸಿಕೊಂಡೆ. ಅಧಿಕಾರಿ ಉಳಿದ ಮಾಲಿನ ಎದುರು ‘ಏನೂ ಇಲ್ಲ’ ಎಂದು ಬರೆದು ಸಹಿ ಹಾಕಿದಳು.

ಬಟ್ಟೆ, ಹಿಡಿಕೆಗಳ ಪುಟ್ಟ ತೆರಿಗೆ ಕಟ್ಟಿದೆವು. ಹೊಲಿಗೆಯಕ್ಕ, ಮೇಷ್ಟ್ರು ತಮ್ಮ ಪಾಲನ್ನು ಪೂರ್ತಿ ಪಡೆದರು. ಕಂಪನಿ ಮುಚ್ಚಿತೆಂಬ ಪತ್ರ ಕೈಸೇರಿದ ದಿನ ಮಾವ ಬೀಗವನ್ನು ನನ್ನ ಕೈಯಲ್ಲೇ ಹಾಕಿಸಿದರು. ನಾನು ನನ್ನ ಕೊಡೆ ಬಿಚ್ಚಿ, ಅವರ ತೋಳು ಹಿಡಿದು, ಎದುರಂಗಡಿಯ ಮುಂದೆಯೇ ಹಾದು ಮನೆಗೆ ನಡೆದೆ. ಆ ದಿನವೂ ಮಳೆ ಇರಲಿಲ್ಲ.